ಫೋನು ಎತ್ತುವುದು ಯಾರು? ಮನೆಯ ಸ್ವಯಂಚಾಲನೆಯಲ್ಲಿ ದೂರವಾಣಿ ಯಂತ್ರ ಮತ್ತು ಡ್ರೈವರ್: ಒಂದು ಟಿಪ್ಪಣಿ

ಮನೆಯ ದೀಪ, ಬೀಗ, ಪಂಪುಗಳನ್ನು ಕಂಪ್ಯೂಟರಿನಿಂದ ಆಳುವ ಪದ್ಧತಿಗಳ ಚರಿತ್ರೆ ಸಾಮಾನ್ಯವಾಗಿ ಕರೆಂಟಿನ ತಂತಿಯಿಂದ ಶುರುವಾಗುತ್ತದೆ. ಸ್ಕಾಟ್ಲೆಂಡಿನ ಗ್ಲೆನ್‌ರೋಥೆಸ್‌ನಲ್ಲಿದ್ದ ಪೀಕೋ ಎಲೆಕ್ಟ್ರಾನಿಕ್ಸ್ ಕಂಪನಿ 1975ರಲ್ಲಿ ಎಕ್ಸ್-10 ಎಂಬ ಪದ್ಧತಿಯನ್ನು ರೂಪಿಸಿತು. ಗೋಡೆಯೊಳಗಿನ ವಿದ್ಯುತ್ ತಂತಿಯಲ್ಲೇ 120 ಕಿಲೋಹರ್ಟ್ಸ್ ಸಂಕೇತವನ್ನು ಹರಿಸಿ 256 ವಿಳಾಸಗಳವರೆಗೆ ಆಜ್ಞೆ ಕೊಡಬಹುದಿತ್ತು. ಅದೇ ಗೋಡೆಯಲ್ಲಿ ಇನ್ನೊಂದು ತಂತಿಯೂ ಇತ್ತು: ಟೆಲಿಫೋನಿನ ಜೋಡಿ ತಾಮ್ರ. 1990ರ ದಶಕದ ಕೊನೆಯಿಂದ ಸುಮಾರು ಹದಿನೈದು ವರ್ಷ ಅಮೆರಿಕದ ಹವ್ಯಾಸಿಗಳು ಈ ಎರಡನೆಯ ತಂತಿಯನ್ನೂ ಮನೆಯ ಬುದ್ಧಿಗೆ ಜೋಡಿಸಲು ಪಟ್ಟ ಪಾಡೇ ಈ ಟಿಪ್ಪಣಿಯ ವಸ್ತು. ಹೊರಗಿನಿಂದ ಫೋನು ಮಾಡಿದರೆ ಮನೆ ಉತ್ತರಿಸಬೇಕು, ಗುಂಡಿ ಒತ್ತಿದರೆ ದೀಪ ಹತ್ತಬೇಕು, ಕರೆದವರು ಯಾರೆಂದು ಧ್ವನಿವರ್ಧಕ ಹೇಳಬೇಕು. ಅವರ ಆಸೆ ಇಷ್ಟೇ.

ಅವರಲ್ಲಿ ಹೆಚ್ಚಿನವರು ಕೇಳಿದ್ದು, ಯಾವ ಮೋಡೆಮ್ ಕೊಳ್ಳಲಿ ಎಂದು. ಆ ಪ್ರಶ್ನೆ ತುಸು ಪಕ್ಕಕ್ಕೆ ಸರಿದಿದೆ ಎಂಬುದು ನನ್ನ ವಾದ. ಫೋನಿನ ತಂತಿಗೆ ಅದರದೇ ಭಾಷೆಯಿದೆ. ಆ ಭಾಷೆಯನ್ನು ಕಂಪ್ಯೂಟರಿಗೆ ಅರ್ಥವಾಗುವಂತೆ ಯಾರೋ ಒಬ್ಬರು ಬಿಡಿಸಿ ಹೇಳಬೇಕು. ಆ ದುಭಾಷಿ ಎಲ್ಲಿ ಕೂತಿರಬೇಕು ಎಂಬುದೇ ನಿಜವಾದ ಆಯ್ಕೆ. ಪೆಟ್ಟಿಗೆಯ ಮೇಲಿನ ಹೆಸರು ಆಮೇಲಿನ ಮಾತು.

ತಂತಿಯ ಭಾಷೆ ಎಂದೆ. ಫೋನು ಕೆಳಗಿಟ್ಟಿರುವಾಗ ಎಕ್ಸ್‌ಚೇಂಜು ಆ ಜೋಡಿಯ ಮೇಲೆ ಸುಮಾರು 48 ವೋಲ್ಟ್ ಏಕಮುಖ ವಿದ್ಯುತ್ತನ್ನು ಇಟ್ಟಿರುತ್ತದೆ. ಕರೆ ಬಂದಾಗ ಅದರ ಮೇಲೆ ಗಂಟೆಯ ಪರ್ಯಾಯ ವಿದ್ಯುತ್ತು ಏರುತ್ತದೆ: ಅಮೆರಿಕದಲ್ಲಿ 20 ಹರ್ಟ್ಸ್, ನಮ್ಮಲ್ಲಿ 25. ರಿಸೀವರ್ ಎತ್ತಿದೊಡನೆ ಮಂಡಲ ಪೂರ್ಣಗೊಂಡು ವಿದ್ಯುತ್ತು ಹರಿಯುತ್ತದೆ, ವೋಲ್ಟೇಜು ಹತ್ತರ ಆಸುಪಾಸಿಗೆ ಕುಸಿಯುತ್ತದೆ. ಎಕ್ಸ್‌ಚೇಂಜಿಗೆ "ಎತ್ತಿದರು" ಎಂದು ತಿಳಿಯುವುದು ಈ ಹರಿವಿನಿಂದ. ಬರುವ ಮಾತು, ಹೋಗುವ ಮಾತು ಎರಡೂ ಅದೇ ಎರಡು ತಂತಿಗಳಲ್ಲಿ 300ರಿಂದ 3400 ಹರ್ಟ್ಸ್‌ನ ಇಕ್ಕಟ್ಟಿನಲ್ಲಿ ಸಾಗುತ್ತವೆ. ಇದಕ್ಕೆ ಜೋಡಿಸಿದ ಯಾವುದೇ ಯಂತ್ರವಾದರೂ ನಾಲ್ಕು ಸಂಗತಿಗಳನ್ನು ಅರಿಯಬೇಕು: ಗಂಟೆ ಬಂತೇ, ಕರೆದವರು ಯಾರು, ಯಾವ ಗುಂಡಿ ಒತ್ತಿದರು, ಅತ್ತಲವರು ಇಟ್ಟರೇ. ಮೊದಲನೆಯದನ್ನು ಅತಿ ಅಗ್ಗದ ಮೋಡೆಮೂ ಬಲ್ಲದು. ಕೊನೆಯದು, ವಿಚಿತ್ರವೆಂದರೆ, ಎಲ್ಲಕ್ಕಿಂತ ಕಷ್ಟ.

ಗ್ರಾಹಕ ತನ್ನಿಷ್ಟದ ಪೆಟ್ಟಿಗೆಯನ್ನು ಈ ತಂತಿಗೆ ಸಿಕ್ಕಿಸಬಹುದು ಎಂಬುದೇ ಅಮೆರಿಕದಲ್ಲಿ ಕಾನೂನಿನ ಹೋರಾಟದಿಂದ ದಕ್ಕಿದ್ದು. ಟೆಕ್ಸಾಸಿನ ಥಾಮಸ್ ಕಾರ್ಟರ್ ದ್ವಿಮುಖ ರೇಡಿಯೋವನ್ನು ಫೋನಿಗೆ ಬೆಸೆಯುವ ಕಾರ್ಟರ್‌ಫೋನ್ ಮಾರುತ್ತಿದ್ದ. ಫೋನು ಕಂಪನಿ ತಡೆದಾಗ, 1968ರಲ್ಲಿ ಅಲ್ಲಿನ ಸಂಪರ್ಕ ಆಯೋಗ ಅವನ ಪರವಾಗಿ ತೀರ್ಪಿತ್ತಿತು. ಅಂಗಡಿಯಲ್ಲಿ ಕೊಳ್ಳುವ ಮೋಡೆಮ್, ಆನ್ಸರಿಂಗ್ ಮೆಷೀನುಗಳೆಲ್ಲ ಆ ತೀರ್ಪಿನ ಸಂತಾನ.

ಮೊದಲ ಆಯ್ಕೆ ವಾಯ್ಸ್ ಮೋಡೆಮ್. ಅದೇ ಎಲ್ಲಕ್ಕಿಂತ ಅಗ್ಗ. ಡೇಟಾ ಕಳಿಸುವ ಸಾಮಾನ್ಯ ಮೋಡೆಮಿಗೆ ಧ್ವನಿಯ ಒಂದು ವಿಧಾನವನ್ನು ಅಂಟಿಸಿದ ಯಂತ್ರವಿದು. "ಎಟಿ ಪ್ಲಸ್ ಎಫ್‌ಕ್ಲಾಸ್ ಸಮ 8" ಎಂಬ ಆಜ್ಞೆ ಅದನ್ನು ಧ್ವನಿಗೆ ತಿರುಗಿಸುತ್ತದೆ. "ಎಟಿ ಪ್ಲಸ್ ವಿಸಿಐಡಿ ಸಮ 1" ಎಂದರೆ ಕರೆದವರ ಸಂಖ್ಯೆ ತೋರಿಸು ಎಂದರ್ಥ. ಈ ಆಜ್ಞೆಗಳು ಆಮೇಲೆ ಐಟಿಯು ಸಂಸ್ಥೆಯ ವಿ.253 ಎಂಬ ಶಿಫಾರಸ್ಸಿನಲ್ಲಿ ನೆಲೆಗೊಂಡವು. ಹಳೆಯ ರಾಕ್‌ವೆಲ್ ಚಿಪ್ಪುಗಳಲ್ಲಿ ಪ್ಲಸ್ ಬದಲಿಗೆ ಹ್ಯಾಶ್ ಚಿಹ್ನೆಯ ಬೇರೆ ಆಜ್ಞೆಗಳಿದ್ದವು. ಹೀಗಾಗಿ ಒಂದೇ ಕಾರ್ಖಾನೆಯ ಎರಡು ತಲೆಮಾರಿನ ಮೋಡೆಮುಗಳಿಗೂ ಒಂದೇ ಮಾತು ಅರ್ಥವಾಗುತ್ತಿರಲಿಲ್ಲ. ಡಬ್ಬಿಯ ಮೇಲೆ "ವಾಯ್ಸ್" ಎಂದು ಅಚ್ಚಾಗಿದ್ದ ಒಂದು ಯುಎಸ್‌ಬಿ ಮೋಡೆಮ್ ನನ್ನಲ್ಲಿತ್ತು. ಎಫ್‌ಕ್ಲಾಸಿನ ಮುಂದೆ ಸಮ ಚಿಹ್ನೆ, ಪ್ರಶ್ನಾರ್ಥಕ ಹಾಕಿ ಕೇಳಿದಾಗ ಅದು ಸೊನ್ನೆ, ಒಂದು ಎಂದಷ್ಟೇ ಉತ್ತರಿಸಿತು. ಎಂಟು ಇರಲಿಲ್ಲ, ಎಂದರೆ ಧ್ವನಿಯೂ ಇಲ್ಲ. ಕೊಳ್ಳುವ ಮೊದಲು ಅಂಗಡಿಯವನ ಮೇಜಿನ ಮೇಲೆಯೇ ಕೇಳಬಹುದಾದ ಈ ಒಂದು ಪ್ರಶ್ನೆ ಹತ್ತು ಪುಟದ ಜಾಹೀರಾತಿಗಿಂತ ಮೇಲು.

ಧ್ವನಿಯ ಮೋಡೆಮಿನಲ್ಲಿ ಶಬ್ದವೂ ಸುದ್ದಿಯೂ ಒಂದೇ ಕಾಲುವೆಯಲ್ಲಿ ಹರಿಯುತ್ತವೆ. ಸೆಕೆಂಡಿಗೆ 8000 ಮಾದರಿಗಳ ಧ್ವನಿಯ ನಡುವೆ ಡಿಎಲ್‌ಇ ಎಂಬ ವಿಶೇಷ ಅಕ್ಷರ (ಆಸ್ಕಿಯಲ್ಲಿ 16ನೆಯದು) ಬಂದರೆ, ಅದರ ಮುಂದಿನ ಅಕ್ಷರ ಶಬ್ದವಲ್ಲ, ಸಮಾಚಾರ. ಮುಂದೆ 5 ಇದ್ದರೆ ಐದನೆಯ ಗುಂಡಿ ಒತ್ತಿದರೆಂದು, "ಬಿ" ಇದ್ದರೆ ಎಂಗೇಜ್ ಸದ್ದು ಕೇಳಿತೆಂದು ಅರ್ಥ. ಅಂದವಾದ ಉಪಾಯವೇ. ಆದರೆ ಹೆಚ್ಚಿನ ಮೋಡೆಮುಗಳಲ್ಲಿ ಧ್ವನಿ ಅರ್ಧಮಾರ್ಗಿ: ಮನೆ ಮಾತಾಡುವಾಗ ಕೇಳಿಸಿಕೊಳ್ಳಲಾರದು, ಕೇಳುವಾಗ ಮಾತಾಡಲಾರದು. ಗುಂಡಿಗಳ ಸದ್ದಿನದು ಇನ್ನೊಂದು ತೊಡಕು. ಪ್ರತಿ ಗುಂಡಿಯೂ ಎರಡು ಸ್ವರಗಳ ಜೋಡಿ. ಐದು ಎಂದರೆ 770 ಮತ್ತು 1336 ಹರ್ಟ್ಸ್ ಒಟ್ಟಿಗೆ. ಮನೆಯದೇ ಮಾತು ತಂತಿಯ ಎರಡು ದಾರಿಗಳು ಕೂಡುವಲ್ಲಿ ಹಿಂದಕ್ಕೆ ಸೋರಿ, ಬಂದ ಸ್ವರವನ್ನು ಮುಳುಗಿಸುತ್ತದೆ. ಕೆಲವೊಮ್ಮೆ ಮನುಷ್ಯನ ಉಚ್ಚಾರವೇ ಗುಂಡಿಯಂತೆ ಕೇಳಿಸಿ ಯಾರೂ ಒತ್ತದ ಗುಂಡಿಗೆ ಮನೆ ವಿಧೇಯವಾಗುತ್ತದೆ. "ಬಾಗಿಲಿಗೆ ಒಂದು ಒತ್ತಿ" ಎಂಬ ಏರ್ಪಾಡಿಗೆ ಗುಪ್ತಸಂಖ್ಯೆಯ ಕಾವಲು ಬೇಕೇಬೇಕು ಎನ್ನಲು ಇಷ್ಟು ಸಾಕು.

ಇನ್ನು ಡ್ರೈವರ್. ಕನ್ನಡದಲ್ಲಿ ಈ ಪದ ಬಸ್ಸಿನ ಮುಂದಿನ ಸೀಟಿಗೆ ಸೇರಿದ್ದು, ಮತ್ತು ಆ ಹೋಲಿಕೆ ಇಲ್ಲಿ ಚೆನ್ನಾಗಿಯೇ ಒಪ್ಪುತ್ತದೆ: ಗಾಡಿ ಎಷ್ಟೇ ಗಟ್ಟಿಯಿರಲಿ, ದಾರಿ ಬಲ್ಲವನಿಲ್ಲದಿದ್ದರೆ ಅದು ಶೆಡ್ಡಿನಲ್ಲೇ. ಮೈಕ್ರೋಸಾಫ್ಟ್ ಮತ್ತು ಇಂಟೆಲ್ 1993ರಲ್ಲಿ ಟ್ಯಾಪಿ ಎಂಬ ಟೆಲಿಫೋನು ಒಪ್ಪಂದವನ್ನು ಹೊರತಂದವು. ವಿಂಡೋಸ್ 95ರ ಹೊತ್ತಿಗೆ ಅದು ಕಂಪ್ಯೂಟರಿನ ಜೊತೆಗೇ ಬರುತ್ತಿತ್ತು. ತಂತ್ರಾಂಶ ಬರೆಯುವವನು ಮೋಡೆಮಿನ ಆಜ್ಞೆಗಳನ್ನು ಕಲಿಯಬೇಕಿಲ್ಲ, "ಕರೆಯನ್ನು ಸ್ವೀಕರಿಸು" ಎಂದರೆ ಸಾಕು. ಕೆಳಗಿನ ಒಂದು ಫೈಲು ಅದನ್ನು ಆಯಾ ಯಂತ್ರದ ಭಾಷೆಗೆ ತಿರುಗಿಸುತ್ತದೆ. ಆ ಫೈಲಿನ ಹೆಸರು ಟೆಲಿಫೋನಿ ಸರ್ವಿಸ್ ಪ್ರೊವೈಡರ್, ಚುಟುಕಾಗಿ ಟಿಎಸ್‌ಪಿ. ಭಾರತದಲ್ಲಿ ಟಿಎಸ್‌ಪಿ ಎಂದರೆ ಬಿಎಸ್‌ಎನ್‌ಎಲ್, ಏರ್‌ಟೆಲ್‌ನಂಥ ಕಂಪನಿಗಳು. ಟ್ಯಾಪಿಯ ಕೈಪಿಡಿ ಓದುವ ನಮ್ಮವರು ಇಲ್ಲೊಮ್ಮೆ ಎಡವುವುದು ಸಹಜ. ಮೋಡೆಮುಗಳಿಗೆಲ್ಲ ಸೇರಿ ಮೈಕ್ರೋಸಾಫ್ಟೇ ಯುನಿಮೋಡೆಮ್ ಎಂಬ ಒಂದು ಸಾರ್ವಜನಿಕ ದುಭಾಷಿಯನ್ನು ಕೊಟ್ಟಿತ್ತು.

ಟ್ಯಾಪಿಯ ರಚನೆಯಲ್ಲಿ ಒಂದು ಒಡಕು ಇತ್ತು, ಮನೆಯ ತಂತ್ರಾಂಶಗಳು ನರಳಿದ್ದು ಅಲ್ಲೇ. ಕರೆಯನ್ನು ಎತ್ತುವುದು, ಇಡುವುದು ಟ್ಯಾಪಿಯ ಕೆಲಸ. ಧ್ವನಿ ಮಾತ್ರ ಬೇರೆಯೇ ಒಂದು "ವೇವ್" ಸಾಧನದ ಮೂಲಕ ಹರಿಯಬೇಕು. ಈ ಕರೆಗೆ ಯಾವ ಧ್ವನಿಸಾಧನ ಜೋಡಿ ಎಂದು ತಂತ್ರಾಂಶವು ಕೇಳಿ ತಿಳಿಯಬೇಕು. ಕೇಳದಿದ್ದರೆ, ಅಥವಾ ಡ್ರೈವರ್ ತಪ್ಪು ಹೇಳಿದರೆ, ಮನೆಯ ಸ್ವಾಗತವಚನ ಸೌಂಡ್ ಕಾರ್ಡಿಗೆ ಹೋಗಿ ಹಾಲಿನ ಸ್ಪೀಕರಿನಲ್ಲಿ ಮೊಳಗುತ್ತದೆ. ಕರೆದವರಿಗೆ ಕೇಳುವುದು ಮೌನ. ಡ್ರೈವರ್ ಒಂದಲ್ಲ, ಎರಡು ಬೇಕು. ಎರಡೂ ಒಂದನ್ನೊಂದು ಬಲ್ಲವಾಗಿರಬೇಕು. ಒಂದು ಯಂತ್ರ "ಟ್ಯಾಪಿಗೆ ಒಗ್ಗುತ್ತದೆ" ಎಂದು ತಯಾರಕರು ಹೇಳಿದರೆ ಅದು ಅರ್ಧ ಸತ್ಯವೇ.

ಹೋಮ್‌ಸೀರ್‌ನ ಬಳಗ ವೇ2ಕಾಲ್ ಕಂಪನಿಯ ಹೈ-ಫೋನ್ ಪೆಟ್ಟಿಗೆಯ ಕಡೆಗೆ ವಾಲಿದ್ದಕ್ಕೆ ಕಾರಣವನ್ನು ಇಲ್ಲಿ ಹುಡುಕಬೇಕೆಂದು ನನಗನಿಸುತ್ತದೆ. ಹೋಮ್‌ಸೀರ್ ವಿಂಡೋಸಿನಲ್ಲಿ ಓಡುವ ಅಮೆರಿಕದ ಸ್ವಯಂಚಾಲನಾ ತಂತ್ರಾಂಶ; ಅದಕ್ಕೆ ಟೆಲಿಫೋನಿನ ಪ್ರತ್ಯೇಕ ಅಂಗವೊಂದಿತ್ತು. ಇಸ್ರೇಲಿನ ವೇ2ಕಾಲ್‌ನದು ಡೇಟಾ ಮೋಡೆಮಿಗೆ ಧ್ವನಿ ಅಂಟಿಸಿದ ಯಂತ್ರವಲ್ಲ, ಧ್ವನಿಗೆಂದೇ ಕಟ್ಟಿದ ಯುಎಸ್‌ಬಿ ಪೆಟ್ಟಿಗೆ. ಅದಕ್ಕೆ ಹೊರಗಿನ ಲೈನಿಗೊಂದು, ಮನೆಯ ಫೋನಿಗೊಂದು ಕಿಂಡಿ. ಈ ಎರಡನೆಯ ಕಿಂಡಿಯಲ್ಲೇ ಸ್ವಾರಸ್ಯವಿದೆ. ಮನೆಯ ಫೋನುಗಳು ಪೆಟ್ಟಿಗೆಯ ಹಿಂದೆ ಸೇರಿದರೆ, ಯಾರಾದರೂ ರಿಸೀವರ್ ಎತ್ತಿದೊಡನೆ ಅದು ಎಕ್ಸ್‌ಚೇಂಜಿಗಿಂತ ಮೊದಲು ಕಂಪ್ಯೂಟರಿಗೆ ತಿಳಿಯುತ್ತದೆ. ಅಡುಗೆಮನೆಯ ಫೋನನ್ನೇ ಎತ್ತಿ ಮನೆಯೊಡನೆ ಮಾತಾಡಬಹುದು. ಅಲ್ಲಿಯವರೆಗೆ ಫೋನು ಹೊರಗಿನಿಂದ ಒಳಗೆ ಬರುವ ಬಾಗಿಲಾಗಿತ್ತು; ಇಲ್ಲಿ ಅದು ಒಳಗಿನವರ ಕೈಗೂ ಸಿಕ್ಕ ಒಂದು ಗುಂಡಿಹಲಗೆಯಾಯಿತು.

ಮತ್ತೊಂದು ದಾರಿಯ ಮೋಡೆಮುಗಳು ತಮ್ಮ ಬುದ್ಧಿಯನ್ನೆಲ್ಲ ಡ್ರೈವರಿಗೇ ಬಿಟ್ಟುಕೊಟ್ಟಿದ್ದವು. ವಿನ್‌ಮೋಡೆಮ್ ಎಂದು ಜನ ಕರೆದ ಆ ಅಗ್ಗದ ಕಾರ್ಡುಗಳಲ್ಲಿ ಸಂಕೇತದ ಲೆಕ್ಕಾಚಾರವನ್ನು ಕಂಪ್ಯೂಟರಿನ ಪ್ರೊಸೆಸರೇ ಮಾಡಬೇಕಿತ್ತು. 2007ರ ಜನವರಿಯಲ್ಲಿ ಅಂಗಡಿಗೆ ಬಂದ ವಿಂಡೋಸ್ ವಿಸ್ಟಾದ 64 ಬಿಟ್ ಆವೃತ್ತಿ, ಸಹಿಯಿಲ್ಲದ ಕರ್ನೆಲ್ ಡ್ರೈವರುಗಳನ್ನು ಒಳಗೆ ಬಿಡದೆ ಬಾಗಿಲು ಹಾಕಿತು. ಹೊಸದಾಗಿ ಬರೆದು ಸಹಿ ಮಾಡುವ ಆಸಕ್ತಿ ತಯಾರಕರಿಗಿಲ್ಲದಿದ್ದರೆ, ಕಾರ್ಡಿಗೆ ಏನೂ ಆಗಿಲ್ಲದೆಯೂ ಅದು ಕಸ. ಯಂತ್ರಕ್ಕಿಂತ ಡ್ರೈವರಿನ ಆಯುಸ್ಸು ಚಿಕ್ಕದು. ಲೆಕ್ಕಾಚಾರವನ್ನು ಪೆಟ್ಟಿಗೆಯೊಳಗೇ ಮುಗಿಸಿ ಸರಳ ಸೀರಿಯಲ್ ಕಿಂಡಿಯಿಂದ ಮಾತಾಡುವ ಹಳೆಯ ಹೊರಗಿನ ಮೋಡೆಮುಗಳು ಇದೇ ಕಾರಣಕ್ಕೆ ಹೆಚ್ಚು ಬಾಳಿದವು. ಬ್ರೂಸ್ ವಿಂಟರ್ ಪರ್ಲ್ ಭಾಷೆಯಲ್ಲಿ ಕಟ್ಟಿದ ಮಿಸ್ಟರ್‌ಹೌಸ್ ಅಂಥ ಮೋಡೆಮಿನಿಂದ ಕರೆದವರ ಸಂಖ್ಯೆಯನ್ನು ಓದುತ್ತಿದ್ದುದು ಟ್ಯಾಪಿಯ ನೆರವಿಲ್ಲದೆ, ಸೀರಿಯಲ್ ಪೋರ್ಟಿನಿಂದ ನೇರವಾಗಿ.

ಮಲೆನಾಡಿನವರಿಗೆ ಒಂದು ಪಕ್ಕಮಾತು. ಸಿಡಿಲು ಬರುವ ದಾರಿಗಳಲ್ಲಿ ಫೋನಿನ ತಂತಿಯೂ ಒಂದು. ಗುಡುಗು ಶುರುವಾದಾಗ ವೈರು ಕಿತ್ತಿಡುವ ಅಭ್ಯಾಸವಿರುವ ಮನೆಗಳಲ್ಲಿ, ಕಂಪ್ಯೂಟರಿನ ಹೊಟ್ಟೆಯೊಳಗೆ ಕೂರುವ ಕಾರ್ಡಿಗಿಂತ ಹೊರಗಿನ ಪೆಟ್ಟಿಗೆಯೇ ವಾಸಿ. ಸುಟ್ಟರೂ ಅದೊಂದೇ ಸುಡುವ ಸಂಭವವಾದರೂ ಇದೆ.

ಕರೆದವರ ಸಂಖ್ಯೆಯ ವಿಷಯಕ್ಕೆ ಬಂದರೆ, ಅಮೆರಿಕದ ಯಂತ್ರ ಭಾರತದ ತಂತಿಗೆ ತಾಗಿದಾಗ ಏನಾಗುತ್ತದೆ ಎಂಬುದು ತಾನಾಗಿ ಬಯಲಾಗುತ್ತದೆ. ಅಮೆರಿಕದಲ್ಲಿ ಸಂಖ್ಯೆ ಬರುವುದು ಮೊದಲ ಮತ್ತು ಎರಡನೆಯ ಗಂಟೆಗಳ ನಡುವಿನ ಮೌನದಲ್ಲಿ, ಬೆಲ್ 202 ಎಂಬ ಮೋಡೆಮ್ ಪದ್ಧತಿಯಲ್ಲಿ: ಸೆಕೆಂಡಿಗೆ 1200 ಬಿಟ್, 1200 ಮತ್ತು 2200 ಹರ್ಟ್ಸ್‌ನ ಎರಡು ಸ್ವರ. ಆದ್ದರಿಂದಲೇ ಅಲ್ಲಿನ ತಂತ್ರಾಂಶಗಳು ಎರಡು ಗಂಟೆ ಕಾದು ಫೋನು ಎತ್ತುತ್ತವೆ. ಅವಸರಪಟ್ಟು ಎತ್ತಿದರೆ ಸಂಖ್ಯೆ ತಪ್ಪಿಹೋಗುತ್ತದೆ. ಬ್ರಿಟನ್ನಿನಲ್ಲಿ ಮೊದಲ ಗಂಟೆಗೂ ಮುಂಚೆ, ತಂತಿಗಳ ಧ್ರುವ ತಿರುಗಿಸಿ ಎಚ್ಚರಿಸಿ, ವಿ.23 ಪದ್ಧತಿಯಲ್ಲಿ ಕಳಿಸುತ್ತಾರೆ. ಭಾರತದ ಅನೇಕ ಎಕ್ಸ್‌ಚೇಂಜುಗಳದ್ದು ಮೂರನೆಯ ದಾರಿ: ಧ್ರುವ ತಿರುಗಿಸುವುದು ಬ್ರಿಟನ್ನಿನಂತೆ, ಆದರೆ ಸಂಖ್ಯೆ ಬರುವುದು ಗುಂಡಿ ಒತ್ತಿದಾಗಿನ ಆ ಜೋಡಿಸ್ವರಗಳಲ್ಲಿ, ಗಂಟೆಗಿಂತ ಮೊದಲು.

ನಮ್ಮ ಎಕ್ಸ್‌ಚೇಂಜುಗಳು ಬೆಲ್ ಕಂಪನಿಯ ನಕಾಶೆ ಮುಂದಿಟ್ಟುಕೊಂಡು ಬೆಳೆದವಲ್ಲ. 1984ರಲ್ಲಿ ಹುಟ್ಟಿದ ದೂರಸಂಪರ್ಕ ಸಂಶೋಧನಾ ಸಂಸ್ಥೆ ಸಿ-ಡಾಟ್ ತನ್ನ ಮೊದಲ ಗ್ರಾಮೀಣ ಎಕ್ಸ್‌ಚೇಂಜನ್ನು, 128 ಪೋರ್ಟುಗಳ, ಹವಾನಿಯಂತ್ರಣ ಬೇಡದ ಆ ಪುಟ್ಟ ಕಪಾಟನ್ನು, ನಿಲ್ಲಿಸಿದ್ದು ನಮ್ಮ ಕಿತ್ತೂರಿನಲ್ಲಿ, 1986ರಲ್ಲಿ. ಹೀಗೆ ಬೇರೆಯೇ ನೆಲದಲ್ಲಿ ಬೆಳೆದ ಜಾಲಕ್ಕೆ, ಬೆಲ್ 202 ಮಾತ್ರ ಬಲ್ಲ ಮೋಡೆಮನ್ನು ಸಿಕ್ಕಿಸಿದರೆ ಗಂಟೆ ಕೇಳುತ್ತದೆ, ಹೆಸರು ಕೇಳುವುದಿಲ್ಲ. ಗಂಟೆ ಬರುವವರೆಗೆ ಕಿವಿ ಮುಚ್ಚಿಕೊಂಡಿರುವ ಯಂತ್ರಕ್ಕೆ ಗಂಟೆಗಿಂತ ಮುಂಚೆ ಬಂದ ಮಾತು ದಕ್ಕುವುದೆಂತು? ಆಗ ಮನೆಯವರು ತಂತ್ರಾಂಶವನ್ನು ಅಳಿಸಿ ಮತ್ತೆ ಹಾಕುತ್ತಾರೆ, ಡ್ರೈವರ್ ಬದಲಿಸುತ್ತಾರೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗೆ.

ಈ ಭಿನ್ನತೆಯನ್ನು ಬಾಯಿಬಿಟ್ಟು ಒಪ್ಪಿಕೊಂಡ ತಂತ್ರಾಂಶವೆಂದರೆ ಆಸ್ಟರಿಸ್ಕ್. ಮಾರ್ಕ್ ಸ್ಪೆನ್ಸರ್ 1999ರಲ್ಲಿ ಶುರುಮಾಡಿದ ಈ ಮುಕ್ತ ಎಕ್ಸ್‌ಚೇಂಜಿನ ಸಂರಚನಾ ಕಡತದಲ್ಲಿ, ಸಂಖ್ಯೆಯ ಸುಳಿವು ಯಾವುದರಿಂದ ಶುರುವಾಗುತ್ತದೆ ಎಂದು ಹೇಳುವ ಒಂದು ಸಾಲಿದೆ. ಅಲ್ಲಿ ಬರೆಯಬಹುದಾದ ಉತ್ತರಗಳು: ಗಂಟೆ, ಧ್ರುವಬದಲು, ಗುಂಡಿಸ್ವರ, ಮತ್ತು "ಪೊಲಾರಿಟಿ" ಪದಕ್ಕೆ ಅಡಿಗೆರೆ ಹಾಕಿ "ಐಎನ್" ಸೇರಿಸಿದ ಇನ್ನೊಂದು. ಆ ಐಎನ್ ಎಂದರೆ ಇಂಡಿಯಾ. ಆಸ್ಟರಿಸ್ಕಿಗೆ ಕಾರ್ಡು ಮಾಡುತ್ತಿದ್ದ ಡಿಜಿಯಂ ಕಂಪನಿಯ ಅನಲಾಗ್ ಕಾರ್ಡಿನ ಡ್ರೈವರಿಗೂ ದೇಶದ ಹೆಸರು ಕೊಡುವ ಅವಕಾಶವಿತ್ತು. ಏನೂ ಹೇಳದಿದ್ದರೆ ಅದು ಅಮೆರಿಕ ಎಂದೇ ತಿಳಿಯುತ್ತಿತ್ತು. ನನ್ನ ಮಟ್ಟಿಗೆ ಒಂದು ಡ್ರೈವರಿನ ಯೋಗ್ಯತೆಯ ಅಳತೆಗೋಲು ಇದು: ತಂತಿಯ ಆಚೆ ತುದಿ ಬೇರೆ ದೇಶದಲ್ಲಿರಬಹುದು ಎಂಬ ಅರಿವು ಅದರಲ್ಲಿ ಎಲ್ಲಾದರೂ ಬರೆದಿದೆಯೇ?

ಅತ್ತಲವರು ಇಟ್ಟರೇ ಎಂಬ ಪ್ರಶ್ನೆಗೂ ಇದೇ ಗತಿ. ಮನುಷ್ಯನಿಗೆ ಕೇಳಿಸುವ "ಟಕ್" ಯಂತ್ರಕ್ಕೆ ಸಾಕ್ಷಿಯಲ್ಲ. ಕೆಲವು ಎಕ್ಸ್‌ಚೇಂಜುಗಳು ಕ್ಷಣಕಾಲ ವಿದ್ಯುತ್ತು ಕಡಿದು ತಿಳಿಸುತ್ತವೆ, ಕೆಲವು ಧ್ರುವ ತಿರುಗಿಸುತ್ತವೆ, ಉಳಿದವು ಎಂಗೇಜ್ ಸದ್ದನ್ನಷ್ಟೇ ಕೊಡುತ್ತವೆ. ಆ ಸದ್ದೂ ಒಂದೇ ತೆರನಲ್ಲ. ಅಮೆರಿಕದ್ದು 480 ಮತ್ತು 620 ಹರ್ಟ್ಸ್ ಕೂಡಿ ಅರ್ಧ ಸೆಕೆಂಡು ಸದ್ದು, ಅರ್ಧ ಸೆಕೆಂಡು ಮೌನ; ನಮ್ಮದು 400 ಹರ್ಟ್ಸ್‌ನ ಒಂಟಿಸ್ವರ, ಮುಕ್ಕಾಲು ಸೆಕೆಂಡು ಸದ್ದು, ಮುಕ್ಕಾಲು ಮೌನ. ಮೊದಲನೆಯದಕ್ಕೆ ಕಿವಿ ಪಳಗಿಸಿಕೊಂಡ ಯಂತ್ರ ನಮ್ಮ ಲೈನನ್ನು ಗಂಟೆಗಟ್ಟಲೆ ಹಿಡಿದೇ ಕೂರುತ್ತದೆ. ಮನೆಗೆ ಯಾರು ಫೋನು ಮಾಡಿದರೂ ಎಂಗೇಜ್. ಇಷ್ಟು ಹೊತ್ತು ಗುಂಡಿ ಬಾರದಿದ್ದರೆ ಇಟ್ಟುಬಿಡು ಎಂಬ ಗಡಿಯಾರದ ಕಟ್ಟಳೆಯೊಂದೇ ಕೊನೆಯ ಆಸರೆ.

ಆಸ್ಟರಿಸ್ಕಿನ ಮೊದಮೊದಲ ಎಕ್ಸ್100ಪಿ ಕಾರ್ಡು ಕೂಡ ಮೂಲದಲ್ಲಿ ಅಗ್ಗದ ಮೋಡೆಮಿನ ಚಿಪ್ಪೇ, ಡ್ರೈವರ್ ಮಾತ್ರ ಬೇರೆ. ಅಂದರೆ ಹೋಮ್‌ಸೀರ್ ಬಳಸುವವರು ಬೇಸತ್ತು ಬಿಸಾಡಿದ ಜಾತಿಯ ಯಂತ್ರಕ್ಕೆ ಇವರು ಹೊಸ ದುಭಾಷಿಯನ್ನು ಹುಡುಕಿಕೊಟ್ಟರು. ಆದರೂ ಆ ದುಭಾಷಿ ಕರ್ನೆಲ್ಲಿನೊಳಗೇ ಇದ್ದ. ಪ್ರತಿ ಹೊಸ ಲಿನಕ್ಸಿಗೂ ಅವನನ್ನು ಮತ್ತೆ ಕಟ್ಟಿಕೊಳ್ಳಬೇಕಿತ್ತು. ಆ ಹಂಗು ಹರಿದದ್ದು ನೆಟ್‌ವರ್ಕಿನ ಮೇಲೆ ಕರೆಗಳನ್ನು ಕೂಡಿಸುವ ಸಿಪ್ ಒಪ್ಪಂದದಿಂದ. ಅದರ ಮಾನಕ ದಾಖಲೆ, ಆರ್‌ಎಫ್‌ಸಿ 3261, ಬಂದದ್ದು 2002ರಲ್ಲಿ. ಸಿಪುರಾದ ಎಸ್‌ಪಿಎ-3000ದಂಥ ಅಂಗೈಯಗಲದ ಪೆಟ್ಟಿಗೆ ಒಂದು ಕಡೆ ಫೋನಿನ ಲೈನಿಗೆ, ಇನ್ನೊಂದು ಕಡೆ ನೆಟ್‌ವರ್ಕ್ ಕೇಬಲ್ಲಿಗೆ ಕೂಡುತ್ತದೆ. ಗಂಟೆ, ಸಂಖ್ಯೆ, ಗುಂಡಿ, ಇಟ್ಟ ಸುದ್ದಿ ಎಲ್ಲವೂ ಪೆಟ್ಟಿಗೆಯಲ್ಲೇ ತರ್ಜುಮೆಯಾಗಿ ಸಂದೇಶಗಳಾಗಿ ಬರುತ್ತವೆ. ಒತ್ತಿದ ಗುಂಡಿಯೂ ಸ್ವರವಾಗಿ ಬರಬೇಕಿಲ್ಲ, "5 ಒತ್ತಿದರು" ಎಂಬ ಬರಹವಾಗಿ ಬರಬಹುದು. ಕಂಪ್ಯೂಟರಿನಲ್ಲಿ ಡ್ರೈವರೇ ಇಲ್ಲ. ವಿಂಡೋಸ್ ಬದಲಾದರೇನು, ಯಂತ್ರ ಬದಲಾದರೇನು. ಇಂದು ಯಾರಾದರೂ ತಾಮ್ರದ ಲೈನಿಗೆ ಯಂತ್ರ ಹುಡುಕುತ್ತಿದ್ದರೆ ನಾನು ಬೆರಳು ತೋರುವುದು ಈ ಜಾತಿಯ ಕಡೆಗೆ, ಕರೆದವರ ಸಂಖ್ಯೆ ತಿಳಿಯುವ, ದೇಶಕ್ಕೆ ತಕ್ಕ ಪದ್ಧತಿಯನ್ನು ಆರಿಸಲು ಅದರಲ್ಲಿ ಅವಕಾಶವಿದ್ದರೆ.

ಭಾರತದಲ್ಲಿ ಮಾತ್ರ ಕಥೆ ತಾಮ್ರವನ್ನು ಹಾರಿ ಬೇರೆಡೆ ಹೋಯಿತು. ಹೊಲದ ಪಂಪನ್ನು ಮೊಬೈಲಿನಿಂದ ನಡೆಸುವ ಸ್ಟಾರ್ಟರುಗಳು, ಪುಣೆಯ ನ್ಯಾನೋ ಗಣೇಶ್‌ನಂಥವು, ಮನೆಯ ಸ್ವಯಂಚಾಲನೆಯ ನೆಂಟರೇ. ರಾತ್ರಿ ಕರೆಂಟು ಬಂತೇ ಎಂದು ನೋಡಲು ಹೊಲಕ್ಕೆ ನಡೆಯುವ ಬದಲು ರೈತ ಕರೆ ಮಾಡುತ್ತಾನೆ, ಗುಂಡಿ ಒತ್ತುತ್ತಾನೆ. ಜಿಎಸ್‌ಎಂ ಮಾಡ್ಯೂಲಿನಲ್ಲಿ, ಗುಂಡಿಯದೊಂದನ್ನು ಬಿಟ್ಟು, ಉಳಿದ ಮೂರು ಪ್ರಶ್ನೆಗಳಿಗೂ ಉತ್ತರ ಜಾಲದಿಂದಲೇ ಚೊಕ್ಕವಾಗಿ ಬರುತ್ತದೆ: ಸಂಖ್ಯೆ ಇಂಥದ್ದು, ಇಟ್ಟರು, ಮುಗಿಯಿತು. ಕರೆ ಎತ್ತದೆಯೇ ಸಂಖ್ಯೆ ಸಿಗುವುದರಿಂದ ಮಿಸ್ಡ್ ಕಾಲೇ ಒಂದು ಆಜ್ಞೆಯಾಗಬಲ್ಲದು, ಅದೂ ಕಾಸಿಲ್ಲದೆ. (ಸಂಖ್ಯೆಯನ್ನು ನಕಲು ಮಾಡಬಹುದಾದ್ದರಿಂದ ಪಂಪಿಗೆ ಇದು ಸಾಕು, ಮನೆಯ ಬೀಗಕ್ಕೆ ಸಾಲದು.) ಆಯ್ಕೆಯ ಎಡವು ಇಲ್ಲಿ ಬೇರೆ ರೂಪದಲ್ಲಿದೆ. ಎಸ್‌ಐಎಂ800ನಂಥ ಅಗ್ಗದ ಮಾಡ್ಯೂಲುಗಳು 2ಜಿ ಮಾತ್ರ ಬಲ್ಲವು. 4ಜಿಯಿಂದಲೇ ಶುರುವಾದ ಜಿಯೋದ ಸಿಮ್ ಅದರಲ್ಲಿ ಹಾಕಿದರೆ ಜಾಲವೇ ಸಿಗುವುದಿಲ್ಲ.

ಮನೆಗಳಿಗೆ ಫೈಬರ್ ಬಂದ ಮೇಲೆ ಲ್ಯಾಂಡ್‌ಲೈನ್ ಎಂಬುದು ಗೋಡೆಯ ಮೇಲಿನ ಪೆಟ್ಟಿಗೆಯ ಹಿಂಬದಿಯ ಒಂದು ಕಿಂಡಿ. ಆ ಕಿಂಡಿಗೆ 48 ವೋಲ್ಟ್ ಊಡುವುದೂ, ಗಂಟೆ ಬಾರಿಸುವುದೂ, ಕರೆದವರ ಸಂಖ್ಯೆಯನ್ನು ಉಲಿಯುವುದೂ ಆ ಪೆಟ್ಟಿಗೆಯೇ. ಮೈಲಿಗಳಾಚೆ ಇದ್ದ ಎಕ್ಸ್‌ಚೇಂಜು ಒಂದು ಗಜದ ದೂರಕ್ಕೆ ಬಂದು ಕೂತಿದೆ. ಅದಕ್ಕೊಂದು ಮೋಡೆಮ್ ಸಿಕ್ಕಿಸುವುದೆಂದರೆ, ಆಗಲೇ ಅಂಕಿಯಾಗಿರುವ ಮಾತನ್ನು ಒಂದು ಗಜದ ಮಟ್ಟಿಗೆ ಸ್ವರವಾಗಿಸಿ ಮತ್ತೆ ಅಂಕಿಯಾಗಿಸುವ ವ್ಯರ್ಥ ಪ್ರಯಾಸ. ಆದರೂ ಕಂಪನಿಗಳು ಸಿಪ್ ಗುಟ್ಟುಗಳನ್ನು ಬಿಟ್ಟುಕೊಡದ ಕಡೆ ಅದೊಂದೇ ದಾರಿ.

ತಂತಿಯ ಆಚೆ ತುದಿಯೇ ಇಲ್ಲದ ಒಂದು ಪ್ರಯೋಗವೂ ಈಗ ಚಾಲ್ತಿಯಲ್ಲಿದೆ. 2023ರಲ್ಲಿ ಹೋಮ್ ಅಸಿಸ್ಟೆಂಟ್ ಎಂಬ ಮುಕ್ತ ತಂತ್ರಾಂಶದವರು, ಹಳೆಯ ತಂತಿಫೋನನ್ನು ಗ್ರಾಂಡ್‌ಸ್ಟ್ರೀಮ್ ಎಚ್‌ಟಿ801 ಎಂಬ ಪುಟ್ಟ ಅಡಾಪ್ಟರಿಗೆ ಜೋಡಿಸಿ ಮನೆಯೊಡನೆ ಮಾತಾಡುವ ಬಗೆಯನ್ನು ತೋರಿಸಿದರು. ಲೈನಿಲ್ಲ, ಬಿಲ್ಲಿಲ್ಲ, ಟ್ಯಾಪಿಯಿಲ್ಲ. ಆ ಅಡಾಪ್ಟರು ತಿರುಗಿಸುವ ಡಯಲಿನ ಪಲ್ಸುಗಳನ್ನೂ ಓದಬಲ್ಲದಾದ್ದರಿಂದ, ಬೆಂಗಳೂರಿನ ದೂರವಾಣಿನಗರದಲ್ಲಿ ಐಟಿಐ ತಯಾರಿಸಿದ ಭಾರದ ಕಪ್ಪು ಫೋನು ಅಟ್ಟದಲ್ಲಿದ್ದರೆ ಇಳಿಸಿ ಒರೆಸಿ ನೋಡಬಹುದು. ರಿಸೀವರ್ ಎತ್ತಿದೊಡನೆ ಅಡಾಪ್ಟರು ತಾನಾಗಿ ಕಂಪ್ಯೂಟರನ್ನು ಕರೆಯಬೇಕು. ಅದಕ್ಕೆ ಅದರೊಳಗೆ ಕಂಪ್ಯೂಟರಿನ ನೆಟ್‌ವರ್ಕ್ ವಿಳಾಸವನ್ನು ಫೋನ್ ನಂಬರಿನಂತೆ ಬರೆದಿಡಬೇಕು. ಫೋನಿನ ಗುಂಡಿಗಳಲ್ಲಿ ಚುಕ್ಕಿ ಇಲ್ಲವಲ್ಲ. ಆದ್ದರಿಂದ ಮೊದಲಿಗೆ ನಕ್ಷತ್ರ ಹಾಕಿ 47 ಬರೆದು, ಆಮೇಲೆ 192, ನಕ್ಷತ್ರ, 168, ನಕ್ಷತ್ರ ಎಂದು ಚುಕ್ಕಿಯಿದ್ದಲ್ಲೆಲ್ಲ ನಕ್ಷತ್ರವನ್ನೇ ಬರೆಯುತ್ತಾರೆ.